ಕೊರಕಲು ಎಷ್ಟು ಆಳ ಆಗ್ಬೇಕು ಅಂತ ಗಾಡಿನೇ ಹೇಳುತ್ತೆ

ಸಕಲೇಶಪುರದ ಕಡೆ ನಮ್ಮ ತೋಟದ ಹಿಂದಿನ ಗುಡ್ಡಕ್ಕೆ ಹತ್ತೋದು ಮೊದ್ಲು ಬರೀ ಜೀಪ್ ದಾರಿ. ಗೊಬ್ಬರ ಸಾಗ್ಸೋಕೆ ಮಹೀಂದ್ರಾದ ಹಳೇ ಎಂಎಂ 540 ಜೀಪು, ಮಾರುತಿ ಜಿಪ್ಸಿ ಓಡಾಡ್ತಿದ್ವು, ಎರಡು ಜಾಡಿನ ನಡುವೆ ಹುಲ್ಲು ಹಂಗೇ ಇರೋದು. 2010ರಲ್ಲಿ ಮಹೀಂದ್ರಾದ ಥಾರ್ ಜೀಪು ಬಂತು, 2020ರಲ್ಲಿ ಹೊಸ ಥಾರ್ ಬಂತು, ವೀಕೆಂಡ್ ಆದ್ರೆ ಬೆಂಗಳೂರಿಂದ ಗೆಳೆಯರು ಗಾಡಿ ಹತ್ಸೋಕೆ ಅಂತಾನೇ ಬರೋಕೆ ಶುರು ಮಾಡಿದ್ರು. ದಾರಿ ಕಿತ್ತೋದ್ರೆ ಎಲ್ರೂ ಮಳೆನ ಬೈತಾರೆ, ಆದ್ರೆ ಮಲೆನಾಡಲ್ಲಿ ಮಳೆ ಯಾವತ್ತಿಂದ್ಲೂ ಇದ್ದಿದ್ದೇ.

ನಾನು ಕಂಡಿದ್ದು ಹೇಳ್ತೀನಿ. ಆಕ್ಸಲ್ ಮಧ್ಯದ ಡಿಫ್ (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಡಿಫರೆನ್ಷಿಯಲ್ ಗುಂಡು) ನೆಲಕ್ಕೆ ತಾಗೋವರೆಗೂ ಚಕ್ರ ಮಣ್ಣು ಅಗೀತಾನೇ ಇರುತ್ತೆ, ಅಂದ್ರೆ ಬರೋ ಗಾಡಿಗಳಲ್ಲಿ ಯಾವುದು ಎಲ್ಲಕ್ಕಿಂತ ಎತ್ತರವೋ ಅದರ ಲೆಕ್ಕಕ್ಕೆ ಜಾಡಿನ ಕೊರಕಲು ಆಳ ಆಗುತ್ತೆ. ಜಿಪ್ಸಿ ಟೈರಿನ ಎತ್ತರ ಸುಮಾರು 26 ಇಂಚು, ಹೊಸ ಥಾರ್‌ಗೆ 18 ಇಂಚಿನ ವೀಲ್ ಜೊತೆ ಕಂಪನಿಯೇ ಕೊಡೋದು 31 ಇಂಚು, ಅದ್ರ ಮೇಲೆ ಕೆಲವ್ರು 33 ಹಾಕ್ಸಿರ್ತಾರೆ. ಸಸ್ಪೆನ್ಶನ್ ಲಿಫ್ಟ್ ಮಾಡ್ಸಿದ್ರೆ ಬಾಡಿ ಮೇಲೆ ಹೋಗುತ್ತೆ ಅಷ್ಟೇ, ಹಿಂದಿನ ಡಿಫ್‌ನ ಎತ್ತೋದು ಟೈರ್ ಒಂದೇ. ಹಿಂಗೆ ದೊಡ್ಡ ಗಾಡಿ ತೋಡಿದ ಜಾಡಿಗೆ ಜಿಪ್ಸಿ ಇಳಿದ್ರೆ ಹೊಟ್ಟೆ ಮೇಲೆ ಕೂತ್ಕೊಳ್ಳುತ್ತೆ, ಅದಕ್ಕೆ ಜಿಪ್ಸಿ ಓಡಿಸೋನು ಪಕ್ಕದ ಹುಲ್ಲಿಗೆ ಹತ್ತಿಸ್ತಾನೆ, ಅಲ್ಲೊಂದು ಹೊಸ ಜಾಡು, ಅದೂ ಆಳ ಆದ್ಮೇಲೆ ಇನ್ನೊಂದು. ಒಂದು ಗಾಡಿ ಅಗಲದ ದಾರಿ ಮೂರು ಗಾಡಿ ಅಗಲ ಆಗಿತ್ತು, ನೋಡಿ ಹೊಟ್ಟೆ ಉರೀತು ನಂಗೆ.

ಡಿಫ್ ಲಾಕ್ (ಎರಡೂ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋದು) ಇದ್ರೆ ಒಂದೇ ಚಕ್ರ ನಿಂತಲ್ಲೇ ಸುತ್ತಲ್ಲ, ದಾರಿ ಉಳಿಯುತ್ತೆ ಅಂತಾರೆ. ಅರ್ಧ ನಿಜ. ಫೋರ್ಸ್ ಕಂಪನಿಯ ಗೂರ್ಖಾ ಜೀಪ್ ಥರ ಮೊದ್ಲೇ ಕೈಯಿಂದ ಲಾಕ್ ಹಾಕ್ಕೊಂಡು ಹೋದ್ರೆ ನಿಜವಾಗ್ಲೂ ಮಣ್ಣು ಏಳಲ್ಲ, ಆದ್ರೆ ಥಾರ್‌ನ ಮೆಕ್ಯಾನಿಕಲ್ ಲಾಕ್ ತಾನಾಗೇ ಬೀಳೋದು, ಚಕ್ರ ಒಂದಿಷ್ಟು ಸುತ್ತಿದ ಮೇಲೇನೇ ಹಿಡಿಯೋದು, ಅಷ್ಟರಲ್ಲಿ ಕಲ್ಲಿನ ಬುಡದ ಮಣ್ಣು ಹಾರಿರುತ್ತೆ, ಮುಂದಿನವನಿಗೆ ಆ ಮೆಟ್ಟಿಲು ಇನ್ನೂ ಎತ್ತರ.

ರಿಪೇರಿಗೆ ನಾವು ಮೇ ತಿಂಗಳಲ್ಲೇ ಇಳೀತೀವಿ, ಹಾರೆ, ಪಿಕಾಸಿ, ಬಾಂಡ್ಲಿ ತಗೊಂಡು. ಮೊದಲ ಕೆಲಸ ನೀರು. ಕೊರಕಲಲ್ಲಿ ನೀರು ಕೆಳಗಿನವರೆಗೂ ಓಡೋಕೆ ಬಿಡಬಾರ್ದು, ದಾರಿಗೆ ಓರೆಯಾಗಿ ಅಲ್ಲಲ್ಲಿ ಚರಂಡಿ ಕಡಿದು, ಅದ್ರ ಕೆಳಗಡೆ ಕಲ್ಲು ಕಟ್ಟಿ ಪಕ್ಕದ ಪೊದೆಗೆ ತಿರುಗಿಸ್ಬೇಕು. ಇಳಿಜಾರು ಜಾಸ್ತಿ ಇದ್ದಷ್ಟೂ ಚರಂಡಿ ಹತ್ತಿರ ಹತ್ತಿರ. ಆಮೇಲೆ ಕೊರಕಲು ತುಂಬೋದು. ಬರೀ ಮಣ್ಣು ಸುರಿದ್ರೆ ಮೊದಲ ಮಳೆಗೇ ಖಾಲಿ, ಹಳ್ಳದ ದುಂಡು ಕಲ್ಲು ಹಾಕಿದ್ರೆ ಟೈರಿಗೆ ಸಿಕ್ಕಿ ಉರುಳುತ್ತೆ. ಮೂಲೆ ಇರೋ ದಪ್ಪ ಕಲ್ಲು ಅಡಿಗೆ, ಸಂದಿಗೆ ಸಣ್ಣ ಕಲ್ಲು, ಮೇಲೆ ಜಲ್ಲಿ ಮಣ್ಣು, ಅದ್ರ ಮೇಲೆ ಜೀಪ್ ಹತ್ತಿಸಿ ಇಳಿಸಿ ಕೂರಿಸ್ಬೇಕು. ಅಕ್ಕಪಕ್ಕದ ಜಾಡಿಗೆ ಅಡ್ಡ ಮರದ ದಿಮ್ಮಿ, ಮುಳ್ಳು. ಇದು ಮಾಡ್ಲಿಲ್ಲ ಅಂದ್ರೆ ಉಳಿದಿದ್ದೆಲ್ಲಾ ದಂಡ, ಯಾಕಂದ್ರೆ ಸುಲಭದ ದಾರಿ ಕಣ್ಣಿಗೆ ಕಂಡ್ರೆ ಗಾಡಿ ಅಲ್ಲಿಗೇ ಹೋಗೋದು.

ಜೂನ್‌ನಿಂದ ಸೆಪ್ಟೆಂಬರ್ ಗೇಟಿಗೆ ಬೀಗ, ಎಷ್ಟೇ ಹತ್ತಿರದವ್ರು ಕೇಳಿದ್ರೂ ತೆಗೆಯಲ್ಲ. ಮಿಕ್ಕ ಟೈಮಲ್ಲಿ ಬರೋರು ಗುಡ್ಡದ ಕೆಳಗೇ ಟೈರಿನ ಗಾಳಿ ಇಳಿಸ್ಬೇಕು, 18ರಿಂದ 20 ಪಿಎಸ್‌ಐ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜೋರು ಶಕ್ತಿಯ ಗೇರು) ಹಾಕಿ ನಿಧಾನ, ಓಡಿಸ್ಕೊಂಡು ಬಂದು ಹತ್ಸೋದು ಬೇಡ. 33 ಇಂಚಿನವ್ರನ್ನ ಮಾತ್ರ ಈ ದಾರಿಗೆ ಬಿಡದೆ ಪಕ್ಕದ ಬರೀ ಬಂಡೆ ಇರೋ ಏರಿಗೆ ಕಳಿಸ್ತೀವಿ, ಅಲ್ಲಿ ಅಗಿಯೋಕೆ ಮಣ್ಣೇ ಇಲ್ಲ, ಅವ್ರ ಗಾಡಿಗೂ ತಕ್ಕ ಕೆಲಸ ಸಿಗುತ್ತೆ.