ತೀರ್ಪುಗಾರರ ಚೀಟಿಯೂ ಪೆನ್ಸಿಲ್ ಗುರುತೂ: ಬ್ರಾಸ್ ಬ್ಯಾಂಡೊಂದರ ಇತಿಹಾಸ ಬರೆದ ನನ್ನ ಅನುಭವ

ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನ ಒಂದು ಹಳ್ಳಿಯ ಬ್ರಾಸ್ ಬ್ಯಾಂಡಿನಲ್ಲಿ, ಅಂದರೆ ಹಿತ್ತಾಳೆಯ ಊದುವಾದ್ಯಗಳ ತಂಡದಲ್ಲಿ, ನಾನು ಬ್ಯಾರಿಟೋನ್ ಎಂಬ ವಾದ್ಯ ನುಡಿಸುತ್ತೇನೆ. ಆ ಬ್ಯಾಂಡಿನ ಸ್ಪರ್ಧೆಗಳ ಇತಿಹಾಸ ಬರೆಯಲು ನಾನು ಹಿಡಿದ ದಾರಿ, ಅಂದರೆ ತೀರ್ಪುಗಾರರ ಚೀಟಿಗಳನ್ನು ಸಂಗೀತದ ಹಾಳೆಗಳ ಮೇಲಿನ ಪೆನ್ಸಿಲ್ ಗುರುತುಗಳೊಂದಿಗೆ ಹೋಲಿಸುವುದು, ಎಲ್ಲಿಗೂ ಮುಟ್ಟುವುದಿಲ್ಲವೆಂದು ಬ್ಯಾಂಡಿನ ಹಿರಿಯರೂ, ಸ್ಥಳೀಯ ಚರಿತ್ರೆಯಲ್ಲಿ ಪಳಗಿದ ಗೆಳೆಯರೂ ಹೇಳುತ್ತಲೇ ಇದ್ದರು. ಈಗ ಪುಸ್ತಕ ಅಚ್ಚಾಗಿ ಕೈಗೆ ಬಂದಿರುವುದರಿಂದ, ಅದೇ ಬಗೆಯ ಕೆಲಸದಲ್ಲಿ ತೊಡಗಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕ್ವೀನ್ಸ್‌ಬರಿಯ ಬ್ಲ್ಯಾಕ್ ಡೈಕ್‌ನಂತಹ ಬ್ಯಾಂಡಿನ ಚರಿತ್ರೆಕಾರರಿಗೆ ನಮ್ಮ ಕಷ್ಟವಿಲ್ಲ. 1855ರಿಂದ ಅದಕ್ಕೆ ಫಾಸ್ಟರ್ ಮನೆತನದ ಗಿರಣಿಯ ಆಸರೆಯಿತ್ತು, ಗೆಲುವುಗಳೆಲ್ಲ ಪತ್ರಿಕೆಗಳಲ್ಲಿ ಬಂದವು. ಆರನೆಯ ಏಳನೆಯ ಸ್ಥಾನದಲ್ಲಿ ಸುತ್ತುತ್ತಿದ್ದ ನಮ್ಮಂಥವರ ಹೆಸರನ್ನು ಯಾರೂ ಅಚ್ಚು ಹಾಕುತ್ತಿರಲಿಲ್ಲ. ನಡವಳಿ ಪುಸ್ತಕಗಳು ಬ್ಯಾಂಡ್ ಕೋಣೆಗೆ ನೀರು ನುಗ್ಗಿದಾಗಲೇ ಹಾಳಾಗಿದ್ದವು. ಬೀರು ತುಂಬ ಪಾರ್ಟ್ ಹಾಳೆಗಳು (ಒಂದೊಂದು ವಾದ್ಯದ ಸ್ವರಗಳಿರುವ ಹಾಳೆಗಳು) ಮತ್ತು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ತೀರ್ಪುಗಾರರ ಟಿಪ್ಪಣಿ ಚೀಟಿಗಳು ಮಾತ್ರ ಉಳಿದಿದ್ದವು.

ಚೀಟಿಗಳಿದ್ದರೆ ಕೆಲಸ ಸುಲಭವೆಂದು ತೋರಬಹುದು. ಆದರೆ ತೀರ್ಪುಗಾರನು ಪರದೆ ಮುಚ್ಚಿದ ಡೇರೆಯೊಳಗೆ ಕುಳಿತು, ಯಾರು ನುಡಿಸುತ್ತಿದ್ದಾರೆಂದು ತಿಳಿಯದೆ ಕೇಳುವುದು ಇಲ್ಲಿನ ಪದ್ಧತಿಯಾದ್ದರಿಂದ, ಚೀಟಿಯ ಮೇಲೆ ಬ್ಯಾಂಡಿನ ಹೆಸರಿರುವುದಿಲ್ಲ. ಲಾಟರಿ ಎತ್ತಿದಾಗ ಬಂದ ಸರದಿಯ ಸಂಖ್ಯೆಯಷ್ಟೇ ಇರುತ್ತದೆ. ನಮ್ಮ ಡಬ್ಬಿಯಲ್ಲಿದ್ದ ಹಲವು ಚೀಟಿಗಳಲ್ಲಿ ವರ್ಷವೂ ಇರಲಿಲ್ಲ. ಯಾರೋ ಹಳಬರು ನೆರೆಯ ಬ್ಯಾಂಡಿನ ಚೀಟಿಗಳನ್ನೂ ಅದರಲ್ಲೇ ತುರುಕಿದ್ದರು.

ಮೊದಲು ಎಲ್ಲರಂತೆ ಸ್ಪರ್ಧೆಯಲ್ಲಿ ನುಡಿಸಿದ ಕೃತಿಯಿಂದ ಚೀಟಿಯ ವರ್ಷ ಹಿಡಿಯಲು ಹೊರಟೆ. ಹೋಲ್ಸ್ಟ್ ಅವರ ‘ಎ ಮೂರ್‌ಸೈಡ್ ಸ್ವೀಟ್’ 1928ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಸ್ಪರ್ಧೆಗೂ, ಎಲ್ಗಾರ್ ಅವರ ‘ಸೆವರ್ನ್ ಸ್ವೀಟ್’ 1930ರ ಸ್ಪರ್ಧೆಗೂ ಬರೆದವೆಂಬುದು ನಿಜವೇ. ಆದರೆ ಮೇಲಿನ ವಿಭಾಗದಲ್ಲಿ ಒಮ್ಮೆ ಬಳಸಿದ ಕೃತಿ ಹಲವು ವರ್ಷಗಳ ನಂತರ ಕೆಳಗಿನ ವಿಭಾಗಕ್ಕೆ ಇಳಿದು ಬರುತ್ತದೆ, ಹಾಳೆಗಳು ಬ್ಯಾಂಡಿನಿಂದ ಬ್ಯಾಂಡಿಗೆ ಕೈ ಬದಲಾಯಿಸುತ್ತವೆ. ಅಚ್ಚಾದ ಬೆಲೆ ಹಳೆಯ ನಾಣ್ಯವಾದ ಶಿಲ್ಲಿಂಗ್‌ನಲ್ಲಿದ್ದರೆ ಹಾಳೆ 1971ರ ಫೆಬ್ರವರಿಗಿಂತ ಹಿಂದಿನದು, ಅಷ್ಟೇ. ಹಳೆಯ ಪತ್ರಿಕೆಗಳ ಚಂದಾಕ್ಕೆ ನೂರಿನ್ನೂರು ಪೌಂಡ್ ಸುರಿದದ್ದಕ್ಕೆ ನಮ್ಮ ಬಗ್ಗೆ ನಾಲ್ಕಾರು ಸಾಲು ಸಿಕ್ಕಿತು. ಅನುದಾನಕ್ಕೆ ಹಾಕಿದ ಅರ್ಜಿಯೂ ತಿರಸ್ಕೃತವಾಯಿತು.

ಆಮೇಲೆ ಹೊಳೆದದ್ದು ಪೆನ್ಸಿಲ್ ಗುರುತು. ಎಡವುವ ಜಾಗದಲ್ಲಿ ವಾದಕರು ಸ್ವರದ ಮೇಲೆ ಪುಟ್ಟ ಕನ್ನಡಕದ ಚಿತ್ರ ಬರೆಯುತ್ತಾರೆ. ಅದರಿಂದ ಪ್ರಯೋಜನವಿಲ್ಲ, ಎಲ್ಲರೂ ಅಲ್ಲೇ ಎಡವುತ್ತಾರೆ. ಬ್ಯಾಂಡ್ ಮಾಸ್ಟರ್ ತನ್ನ ಮನೋಧರ್ಮದಂತೆ ಹೇಳಿ ಬರೆಸಿದ ಬದಲಾವಣೆಗಳೇ ಬೇರೆ. ಒಂದು ಕೃತಿಯಲ್ಲಿ ಎಫ್ ಅಕ್ಷರದ (ಅಭ್ಯಾಸಕ್ಕೆ ಜಾಗ ಹೇಳಲು ಹಾಳೆಯಲ್ಲಿ ಅಚ್ಚಾದ ಗುರುತು) ಹಿಂದಿನ ಬಾರ್‌ನಲ್ಲಿ, ಅಂದರೆ ಸ್ವರಲಿಪಿಯ ಒಂದು ಮನೆಯಲ್ಲಿ, ಅಚ್ಚಿನಲ್ಲಿಲ್ಲದ ಒಂದು ನಿಲುಗಡೆಯನ್ನು ತುತ್ತೂರಿಯಂಥ ಸೋಲೋ ಕಾರ್ನೆಟ್‌ನಿಂದ ತಗ್ಗಿನ ಸ್ವರದ ಬಿ ಫ್ಲ್ಯಾಟ್ ಬಾಸ್‌ವರೆಗೆ ಎಲ್ಲರೂ ಗುರುತಿಸಿಕೊಂಡಿದ್ದರು. ಡಬ್ಬಿಯ ಒಂದು ಚೀಟಿಯಲ್ಲಿ ತೀರ್ಪುಗಾರರು ಎಫ್‌ಗೆ ಮುಂಚಿನ ಅನಗತ್ಯ ನಿಲುಗಡೆಯನ್ನು ಟೀಕಿಸಿದ್ದರು. ಅಲ್ಲಿಗೆ ಆ ಚೀಟಿ ನಮ್ಮದಿರಬೇಕೆಂದು ತೋರಿತು. ಆದರೆ ಒಂದೇ ಹೊಂದಿಕೆಯನ್ನು ನಾನು ನಂಬಲಿಲ್ಲ, ಒಂದು ಚೀಟಿಗೆ ಕನಿಷ್ಠ ಮೂರು ಇರಲೇಬೇಕೆಂದು ನಿಯಮ ಹಾಕಿಕೊಂಡೆ. ಹೀಗೆ ನಲವತ್ತರ ಆಸುಪಾಸಿನ ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಜಾಗ ಸಿಕ್ಕಿತು. ಅಳಿಸಿಹೋದ ಗುರುತು ಕಾಣಲೆಂದು ಓರೆ ಬೆಳಕಿನಲ್ಲಿ ಫೋಟೋ ತೆಗೆಯುವುದು ಈ ಕೆಲಸದವರಿಗೆ ಗೊತ್ತೇ ಇದೆ; ಅದಾದ ಮೇಲೆ ನಾನು ಮಾಡುವ ಇನ್ನೊಂದು ಕೆಲಸವನ್ನು ಮುಂದಿನ ಪುಸ್ತಕ ಮುಗಿಯುವವರೆಗೆ ಹೇಳಲಾರೆ.

ನಡುವೆ ಒಂದು ಅಡ್ಡ ಪ್ರಯೋಗವೂ ನಡೆಯಿತು. 1960ರ ದಶಕದ ಮಧ್ಯದವರೆಗೆ ಈ ಬ್ಯಾಂಡುಗಳ ಶ್ರುತಿ ಎತ್ತರದ್ದಾಗಿತ್ತು: ‘ಎ’ ಸ್ವರ ಇಂದಿನ 440 ಹರ್ಟ್ಸ್ ಬದಲು 452ರ ಮೇಲೆ, ಹೆಚ್ಚುಕಡಿಮೆ ಅರ್ಧ ಸೆಮಿಟೋನ್ (ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದ ಅರ್ಧ) ಮೇಲಕ್ಕೆ. ಸ್ವರ ಬದಲಿಸಲು ಒತ್ತುವ ಒಂದು ಮತ್ತು ಎರಡನೆಯ ವಾಲ್ವ್‌ಗಳ ಬದಲು ಮೂರನೆಯದೊಂದನ್ನೇ ಒತ್ತುವಂತೆ ಬರೆದ ಬೆರಳ ಗುರುತುಗಳು ಹಳೆಯ ವಾದ್ಯಗಳ ಕಾಲಕ್ಕೆ ಸೇರಿರಬಹುದೆಂದು ಊಹಿಸಿ, ಬೀರುವಿನಲ್ಲಿದ್ದ ಒಂದು ಹಳೆಯ ಕಾರ್ನೆಟ್ಟಿಗೆ ಅರವತ್ತು ಪೌಂಡ್ ಕೊಟ್ಟು ವಾಲ್ವ್ ಸರಿಮಾಡಿಸಿ ನುಡಿಸಿದೆ. ಗುರುತು ವಾದಕನ ಅಭ್ಯಾಸದ್ದೇ ಹೊರತು ವಾದ್ಯದ್ದಲ್ಲವೆಂದು ತಿಳಿಯಿತು. ಶ್ರುತಿ ಸ್ಲೈಡನ್ನು ಪೂರ್ತಿ ಹೊರಗೆಳೆದರೂ ಆ ಕಾರ್ನೆಟ್ ನನ್ನ ಬ್ಯಾರಿಟೋನ್ ಜೊತೆ ಕೂಡಲಿಲ್ಲ, ಅದನ್ನು ಕೇಳಿದ ಹೆಂಡತಿ ಆ ವಾರ ಅಭ್ಯಾಸವನ್ನು ಗ್ಯಾರೇಜಿಗೆ ಕಳಿಸಿದಳು.

ವಿಧಾನದ ಬೆಲೆ ಹಿರಿಯರಿಗೆ ಮನವರಿಕೆಯಾದದ್ದು ಎತ್ತರದ ಸ್ವರದ ಸೊಪ್ರಾನೋ ಕಾರ್ನೆಟ್‌ನ ಒಂದು ಹಾಳೆಯಿಂದ. ನಮ್ಮ ಬ್ಯಾಂಡು ಸ್ಪರ್ಧೆಗೆಂದು ಹೊರಗಿನ ವಾದಕರನ್ನು ಎಂದೂ ಎರವಲು ತಂದಿಲ್ಲವೆಂಬುದು ಇಲ್ಲಿ ತಲೆಮಾರುಗಳಿಂದ ನಡೆದುಬಂದ ಹೆಮ್ಮೆ. ಚೀಟಿಯೊಂದು ಸೊಪ್ರಾನೋವನ್ನು ಹಾಡಿ ಹೊಗಳಿತ್ತು. ಅದಕ್ಕೆ ಹೊಂದಿದ ಹಾಳೆಯ ಬೆನ್ನಿಗೆ, ನಮ್ಮಲ್ಲಿ ಬೇರೆಲ್ಲೂ ಕಾಣದ ಕೈಬರಹದಲ್ಲಿ, ರೈಲಿನ ವೇಳೆಯೂ ಕೊಡಬೇಕಾದ ಹಣವೂ ಬರೆದಿದ್ದವು. ಕೊನೆಗೆ ಊರ ವಾರಪತ್ರಿಕೆಯ ಒಂದು ಹಳೆಯ ಸಂಚಿಕೆಯಲ್ಲಿ ಆ ದಿನದ ಸರದಿಪಟ್ಟಿ ಸಿಕ್ಕಿತು, ಚೀಟಿಯ ಸಂಖ್ಯೆಯೇ ನಮ್ಮ ಹೆಸರಿನ ಮುಂದಿತ್ತು. ಆ ಪುಟವನ್ನು ದೊಡ್ಡದು ಮಾಡಿಸಿ ಬ್ಯಾಂಡ್ ಕೋಣೆಯ ಗೋಡೆಗೆ ಹಚ್ಚಿದ್ದೇನೆ.

ಇನ್ನೂರು ಪ್ರತಿಗಳ ಮುದ್ರಣಕ್ಕೆ ಸಾವಿರದ ಇನ್ನೂರು ಪೌಂಡ್ ಹತ್ತಿರ ಬಿತ್ತು, ಅದರಲ್ಲಿ ಅರ್ಧ ನನ್ನ ಕೈಯಿಂದಲೇ. ಹತ್ತು ಪೌಂಡಿನಂತೆ ಮಾರಿದೆವು. ಬ್ಯಾಂಡುಗಳು ಹಳ್ಳಿಯಿಂದ ಹಳ್ಳಿಗೆ ಹೋಗಿ ಸ್ಪರ್ಧಿಸುವ ವಿಟ್ ಫ್ರೈಡೇ ದಿನದ ಸಂಜೆ ಸ್ಯಾಡಲ್‌ವರ್ತ್‌ನ ಹಳ್ಳಿಗಳಲ್ಲಿ ಮಾರ್ಚ್ ಸಂಗೀತ ನುಡಿಸುತ್ತ ಬಸ್ಸಿನಲ್ಲಿ ಸುತ್ತುವಾಗಲೇ ಒಂದು ಪೆಟ್ಟಿಗೆ ಖಾಲಿಯಾಯಿತು. ಹಾಕಿದ ಹಣ ಬಹುಪಾಲು ಹಿಂದಿರುಗಿದೆ. ಬಾಸ್ ಟ್ರಾಂಬೋನ್ ಹಾಳೆಗಳಷ್ಟೇ ಕಾಣೆಯಾಗಿದ್ದು, ಅವು ಸಿಕ್ಕರೆ ಉಳಿದ ಚೀಟಿಗಳಲ್ಲಿ ಇನ್ನು ಐದಾರನ್ನು ಕೂಡಿಸಬಲ್ಲೆ.