ಮಗು ತುಂಬಾ ಓದುತ್ತಾ? ಫ್ಯಾಂಟಸಿ ಸರಣಿ ಆರಿಸುವ ಮುಂಚೆ ಇದನ್ನು ನೋಡಿ

ಎಂಟು-ಒಂಬತ್ತು ವರ್ಷಕ್ಕೇ ದಪ್ಪ ದಪ್ಪ ಪುಸ್ತಕ ಮುಗಿಸುವ ಮಕ್ಕಳಿಗೆ ಮೊದಲ ಭಾಗ ನೋಡಿ ಇಡೀ ಸೆಟ್ ಕೊಡಿಸಬೇಡಿ. ಕೊನೆಯ ಭಾಗವನ್ನು ನೀವೇ ಒಮ್ಮೆ ತಿರುವಿ ಹಾಕಿ. ಎಷ್ಟೋ ಸರಣಿಗಳಲ್ಲಿ ನಾಯಕನ ಜೊತೆ ಕಥೆಗೂ ವಯಸ್ಸಾಗುತ್ತಾ ಹೋಗುತ್ತದೆ. ಹ್ಯಾರಿ ಪಾಟರ್‌ನಲ್ಲಿ ಶುರುವಿಗೆ ಹುಡುಗನಿಗೆ 11, ಏಳನೆಯ ಪುಸ್ತಕದ ಹೊತ್ತಿಗೆ 17. ನಾಲ್ಕನೆಯದರ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿಯ ಕೊಲೆಯೇ ಆಗುತ್ತದೆ, ಅಲ್ಲಿಂದಾಚೆ ಧಾಟಿಯೇ ಬೇರೆ. ಮೊದಲ ಮೂರು ಓದಿಸಿ, ಒಂದೆರಡು ವರ್ಷ ಗ್ಯಾಪ್ ಕೊಟ್ಟರೆ ನಷ್ಟವೇನಿಲ್ಲ. (ಮಗು ಒಪ್ಪಬೇಕಲ್ಲ, ಅದು ಬೇರೆ ಮಾತು!) 1937ರ ಹಾಬಿಟ್ ಕಾದಂಬರಿ ಮಕ್ಕಳಿಗೆಂದೇ ಬಂದದ್ದು. ಅದರ ಮುಂದಿನ ಲಾರ್ಡ್ ಆಫ್ ದ ರಿಂಗ್ಸ್ ಹಾಗಲ್ಲ, ಭಾಷೆ ಭಾರ, ಓಟವೂ ನಿಧಾನ.

ಪುಸ್ತಕ ಯಾವ ವಯಸ್ಸಿನ ವರ್ಗಕ್ಕೆ ಸೇರಿದ್ದು ಅಂತಲೂ ನೋಡಿ. ಮಿಡಲ್ ಗ್ರೇಡ್ ಅಂದರೆ ಸುಮಾರು 8ರಿಂದ 12 ವರ್ಷದವರಿಗೆ. ಯಂಗ್ ಅಡಲ್ಟ್ ಅಂತಿದ್ದರೆ ಅದು ಹದಿಹರೆಯದವರಿಗೆ. ಅದರಲ್ಲಿ ಪ್ರೇಮ, ಹಿಂಸೆ ಎರಡೂ ಜಾಸ್ತಿ ಇರಬಹುದು. ಮುಖಪುಟದ ಮುದ್ದಾದ ಡ್ರ್ಯಾಗನ್ ನೋಡಿ ಮೋಸ ಹೋಗಬೇಡಿ.

ಇನ್ನೊಂದು ಮಾತು, ಹೆದರಿಕೆಯಾದರೆ ಅರ್ಧಕ್ಕೇ ಬಿಡಬಹುದು ಅಂತ ಮೊದಲೇ ಹೇಳಿಡಿ. ಚೆನ್ನಾಗಿ ಓದುವ ಮಕ್ಕಳು ಸುಮ್ನೆ ಹಟಕ್ಕೆ ಬಿದ್ದು ಮುಗಿಸುತ್ತಾರೆ, ಆಮೇಲೆ ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ.