ನಾಲ್ಕು ಜಾಕ್, ಒಂದೇ ಹೋಸ್: ನಾನು ಮಾಡಿದ ಎಡವಟ್ಟು

ಪೀಣ್ಯದ ನಮ್ಮ ಶೆಡ್‌ನಲ್ಲಿ ಡಿಜಿ ಸೆಟ್ (ಡೀಸೆಲ್ ಜನರೇಟರ್) ಎತ್ತೋಕೆ ಅಂತ ಒಂದು ಪ್ಲಾಟ್‌ಫಾರ್ಮ್ ಮಾಡಿದ್ದೆ. ಸೆಟ್ಟು 4 ಟನ್, ಕೆಳಗಿನ ಕಬ್ಬಿಣದ ಫ್ರೇಮ್ 1 ಟನ್. ನಾಲ್ಕು ಮೂಲೆಗೆ 80 ಎಂಎಂ ಬೋರಿನ (ಒಳವ್ಯಾಸದ) ನಾಲ್ಕು ಸಿಲಿಂಡರ್, ಅಂದರೆ ಎಣ್ಣೆಯ ಒತ್ತಡದಿಂದ ಎತ್ತುವ ಜಾಕ್. ಒಂದೇ ಪಂಪಿನಿಂದ ನಾಲ್ಕಕ್ಕೂ ಲೈನ್ ಕೊಟ್ಟೆ. ಪ್ರೆಶರ್ ಎಲ್ಲಾ ಕಡೆ ಒಂದೇ, ಹಾಗಾಗಿ ಪ್ಲಾಟ್‌ಫಾರ್ಮ್ ಸಮವಾಗಿ ಏಳುತ್ತದೆ ಅಂತ ನನ್ನ ಲೆಕ್ಕ.

ಪಂಪ್ ಹಾಕಿದ್ದೇ ತಡ, ಆಲ್ಟರ್ನೇಟರ್ (ಕರೆಂಟ್ ತಯಾರಿಸುವ ಭಾಗ) ಕಡೆ ಮಾತ್ರ ಸರ್ರಂತ ಮೇಲೆದ್ದಿತು. ಎಂಜಿನ್ ಕಡೆ ಕದಲಲೇ ಇಲ್ಲ. "ಅಣ್ಣಾ, ಸಾಕು ಸಾಕು, ನಿಲ್ಸಿ!" ಅಂತ ಹುಡುಗ ಕೂಗಿದ.

ಆಮೇಲೆ ಕೂತು ಲೆಕ್ಕ ಹಾಕಿದೆ. ಈ ಬೋರಿಗೆ 1 ಬಾರ್ ಪ್ರೆಶರ್ ಅಂದರೆ ಸುಮಾರು 51 ಕೆಜಿ ಎತ್ತುವ ಶಕ್ತಿ. ಆಲ್ಟರ್ನೇಟರ್ ಕಡೆ ಒಂದೊಂದು ಸಿಲಿಂಡರ್ ಮೇಲೆ ಹೆಚ್ಚುಕಮ್ಮಿ 1 ಟನ್, 20 ಬಾರ್ ಸಾಕು. ಎಂಜಿನ್ ಕಡೆ ಒಂದೂವರೆ ಟನ್, 29 ಬಾರ್ ಬೇಕು. ಎಣ್ಣೆಗೆ ಎಲ್ಲಿ ಸುಲಭವೋ ಅಲ್ಲಿಗೇ ಹೋಯಿತು, ಅಷ್ಟೇ. ಪ್ರೆಶರ್ ಸಮ ಆದರೆ ಲೆವೆಲ್ ಸಮ ಆಗಬೇಕು ಅಂತೇನಿಲ್ಲ.

ಸರಿ, ನಾಲ್ಕಕ್ಕೂ ಬೇರೆ ಬೇರೆ ವಾಲ್ವ್ ಹಾಕಿದೆ. ಈಗ ಲೆವೆಲ್ ಟ್ಯೂಬ್ (ಮಟ್ಟ ನೋಡುವ ನೀರಿನ ಕೊಳವೆ) ಹಿಡಿದರೆ ಎಲ್ಲಾ ಚೆನ್ನಾಗಿಯೇ ಇದೆ, ಆದರೆ ಎಂಜಿನ್ ಕಡೆಯ ಒಂದು ಪ್ರೆಶರ್ ಗೇಜ್ 46 ಬಾರ್, ಅದರ ಪಕ್ಕದ್ದು ಬರೀ 13! ಓರೆ ನೆಲದ ಮೇಲಿನ ಮಂಚದ ಹಾಗೆ, ಎದುರುಬದುರು ಮೂಲೆಯ ಎರಡು ಕಾಲಿಗೆ ಪೂರ್ತಿ ಭಾರ, ಉಳಿದೆರಡು ಸುಮ್ನೆ ನಿಂತಿವೆ. ಫ್ರೇಮ್ ಕಿರ್ ಅನ್ನುತ್ತಿತ್ತು, ನಿಜವಾಗಲೂ ಭಯ ಆಯಿತು.

ಮೂರು ಕಲ್ಲಿನ ಒಲೆ ಮೇಲೆ ಪಾತ್ರೆ ಕುಂಟಲ್ಲ ಅಲ್ವಾ? ಅದೇ ಉಪಾಯ ಹಿಡಿದೆ. ಎರಡು ಸಿಲಿಂಡರ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಎಣ್ಣೆ ಅತ್ತಿತ್ತ ಹರಿದು ಅವೆರಡರ ಭಾರ ಸಮ ಆಗುತ್ತದೆ, ನಡುವೆ ಒಂದೇ ಕಾಲು ಇದ್ದ ಹಾಗೆ. ಉಳಿದೆರಡು ಸೇರಿ ಮೂರೇ ಕಾಲು, ಒಂದು ತ್ರಿಕೋನ. ಹೆದ್ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಹೊತ್ತು ಆಮೆ ಹಾಗೆ ಹೋಗುವ ಸಾಲು ಸಾಲು ಚಕ್ರದ ಟ್ರೇಲರ್ ನೋಡಿರುತ್ತೀರಿ, ಅದರಲ್ಲೂ ಆಕ್ಸಲ್‌ಗಳ ಸಿಲಿಂಡರ್‌ಗಳನ್ನು ಸಾಮಾನ್ಯವಾಗಿ ಹೀಗೇ ಮೂರು ಇಲ್ಲವೇ ನಾಲ್ಕು ಗುಂಪು ಮಾಡಿರುತ್ತಾರೆ.

ಯಾವ ಎರಡನ್ನು ಜೋಡಿಸಬೇಕು ಅನ್ನೋದೇ ಮುಖ್ಯ. ನಾನು ಮೊದಲು ಎಂಜಿನ್ ಕಡೆಯವನ್ನೇ ಜೋಡಿಸೋಣ ಅಂದುಕೊಂಡಿದ್ದೆ, ಭಾರ ಜಾಸ್ತಿ ಅಲ್ಲೇ ಅಲ್ವಾ ಅಂತ. ತಪ್ಪು. ಜೋಡಿಸಿದ ಕಡೆ ತ್ರಿಕೋನದ ಚೂಪು ತುದಿ ಬರುತ್ತದೆ, ಭಾರದ ಕೇಂದ್ರ ಅಲ್ಲಿಗೆ ಹತ್ತಿರ ಇದ್ದರೆ ಸ್ವಲ್ಪ ಪಕ್ಕಕ್ಕೆ ಸರಿದರೂ ತ್ರಿಕೋನ ದಾಟಿ ಪ್ಲಾಟ್‌ಫಾರ್ಮ್ ಮಗುಚುತ್ತದೆ. ಹಗುರ ಕಡೆಯ ಎರಡನ್ನು ಜೋಡಿಸಿ, ಎಂಜಿನ್ ಕಡೆಯ ಎರಡನ್ನು ಬೇರೆ ಬೇರೆ ಬಿಟ್ಟೆ. ಗೇಜ್: ಜೋಡಿ 19, ಎಂಜಿನ್ ಕಡೆ 33 ಮತ್ತು 26. ಆ 7 ಬಾರ್ ವ್ಯತ್ಯಾಸ ಎಂಜಿನ್ನಿನ ಒಂದು ಪಕ್ಕದ ಭಾರದ್ದು.

ಒಂದು ತೊಡಕು ಉಳಿಯಿತು. ಹೋಸ್ ಒಡೆದರೆ ತಡೆಯೋಕೆ ಪ್ರತಿ ಸಿಲಿಂಡರ್‌ಗೂ ಲಾಕ್ ವಾಲ್ವ್ (ಎಣ್ಣೆ ವಾಪಸ್ ಹೋಗದಂತೆ ಹಿಡಿಯುವ ವಾಲ್ವ್) ಹಾಕಬೇಕು, ಆದರೆ ಜೋಡಿಗೆ ಹಾಗೆ ಹಾಕಿದರೆ ಅವುಗಳ ನಡುವೆ ಎಣ್ಣೆ ಓಡಾಡಲ್ಲ. ಅದಕ್ಕೆ ಜೋಡಿ ಕವಲೊಡೆಯುವ ಮುಂಚೆ ಒಂದೇ ಲಾಕ್ ಇಟ್ಟು, ಕವಲಿಗೆ ಹೋಸ್ ಬದಲು ಸ್ಟೀಲ್ ಪೈಪ್ ಹಾಕಿದೆ. ಮೇಲೆ ಪ್ರತಿ 50 ಎಂಎಂ ಏರಿದಾಗಲೂ ಕೆಳಗೆ ಮರದ ಸ್ಲೀಪರ್ (ದಪ್ಪ ಹಲಗೆ) ತುರುಕುತ್ತಾ ಹೋದೆವು.